ತಾಲ್ಲೂಕಾಧಿಕಾರಿಗಳು ಮುಟ್ಟದೆ ಇಟ್ಟ ಕಾಫಿ

ಮಾನ್ಯ ತಾಲ್ಲೂಕಾಧಿಕಾರಿಗಳೇ,

ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ನನ್ನ ತಾಯಿ ಝೀನೆಯ ಹೆಸರಿನಲ್ಲಿ ಹೋದ ಅರ್ಜಿಯನ್ನು ಬರೆದವಳು ನಾನು. ಅಮ್ಮನ ಹೊರತು ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. 'ಓದು ಬಾರದ ಹೆಂಗಸನ್ನು ಎತ್ತಿಕಟ್ಟಿದ ಪಟ್ಟಣದ ವಕೀಲ ಯಾರು' ಎಂದು ನೀವು ಚಹಾ ಅಂಗಡಿಗಳಲ್ಲೆಲ್ಲ ವಿಚಾರಿಸುತ್ತಿದ್ದೀರಿ. ಅಂಥ ವಕೀಲ ಯಾರೂ ಇಲ್ಲ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟು, ಯಾವ ಕೆಲಸದಲ್ಲೂ ನಿಲ್ಲದೆ ಅಲೆಯುವ ನಾನೊಬ್ಬಳಿದ್ದೇನೆ. ನನ್ನನ್ನು ಕರೆಸಿ ಕೇಳಿ, ಉತ್ತರ ಕೊಡುತ್ತೇನೆ. ಆದರೆ ಅದಕ್ಕೂ ಮೊದಲು ನನ್ನದೊಂದು ಪ್ರಶ್ನೆಯಿದೆ. ಆ ಅರ್ಜಿಯನ್ನು ಹಿಂದಕ್ಕೆ ತೆಗೆಸಲು ನಮ್ಮ ಮನೆಯ ಕಾಫಿಯನ್ನು ಬಳಸಿಕೊಳ್ಳುವ ಅಧಿಕಾರ ನಿಮಗೆ ಕೊಟ್ಟವರು ಯಾರು?

ನನ್ನ ಅಣ್ಣ ರೆನಾಸ್‌ನನ್ನು ಹತ್ತಿ ಹೊಲದಿಂದ ಠಾಣೆಗೆ ಕರೆದೊಯ್ದರು. ಮರುದಿನ ಹೆಣ ಕೊಟ್ಟರು. ಮೆಟ್ಟಿಲಿಂದ ಬಿದ್ದನಂತೆ. ಆ ಠಾಣೆಗಿರುವುದು ಒಂದೇ ಅಂತಸ್ತು. ಬಾಗಿಲಲ್ಲಿ ಹೊಸ್ತಿಲಿದೆ, ಮೆಟ್ಟಿಲಿಲ್ಲ. ಕ್ಯಾಮೆರಾ ಅಂದೇ ಕೆಟ್ಟಿತ್ತಂತೆ. ಸರ್ಕಾರಿ ವಕೀಲರು 'ಪ್ರಕರಣವೇ ಇಲ್ಲ' ಎಂದರು. ರಾಜಧಾನಿಯ ದೊಡ್ಡ ನ್ಯಾಯಾಲಯ 'ಆಧಾರವಿಲ್ಲ' ಎಂದಿತು. ದೇಶದೊಳಗಿನ ಬಾಗಿಲುಗಳೆಲ್ಲ ಮುಚ್ಚಿದ ಮೇಲೆ ನಾವು ಹೊರಗಿನ ಬಾಗಿಲು ಬಡಿದೆವು. ನಿಮಗೆ ಅಚ್ಚರಿಯಾದದ್ದು ನಾವು ಬಡಿದದ್ದಕ್ಕಲ್ಲ. ಒಳಗಿನಿಂದ ಯಾರೋ 'ಯಾರದು?' ಎಂದದ್ದಕ್ಕೆ. ನ್ಯಾಯಾಲಯ ಸರ್ಕಾರದಿಂದ ಉತ್ತರ ಕೇಳಿದ ವಾರವೇ ನಿಮ್ಮ ಕಾರು ನಮ್ಮ ಚಿಕ್ಕಪ್ಪ ಬೆಂಗೀನ್‌ನ ಅಂಗಳಕ್ಕೆ ಬಂತು.

ಅಂದು ಕಹಿ ಕಾಫಿ ತಂದಿಟ್ಟವಳು ನಾನೇ. ನೀವು ನನ್ನ ಮುಖ ನೋಡಲಿಲ್ಲ, ಬಟ್ಟಲನ್ನೂ ಮುಟ್ಟಲಿಲ್ಲ.

"ಕುಡೀರಿ ಸಾಹೇಬ್ರೇ, ಆರಿಹೋಗತ್ತೆ," ಅಂದ ಚಿಕ್ಕಪ್ಪ.

"ಆರಲಿ ಬಿಡಿ ಬೆಂಗೀನ್ ಅವರೇ. ನನ್ನದೊಂದು ಮಾತಿದೆ. ನಡೆಸಿಕೊಟ್ರೆ ಕುಡೀತೀನಿ."

ನಮ್ಮೂರಿಗೆ ಬಂದು ಎರಡು ವರ್ಷವಾದರೂ ನಮ್ಮ ಭಾಷೆಯಲ್ಲಿ ಒಂದು ನಮಸ್ಕಾರ ಹೇಳಲು ಕಲಿಯದವರು ನೀವು. ಆದರೆ ಬೇಡಿಕೆಯಿಟ್ಟ ಅತಿಥಿಯ ಕಾಫಿ ಮುಟ್ಟದೆ ಉಳಿದರೆ ಆ ಮನೆಯ ಮಾನ ಬೀದಿಪಾಲು ಎಂಬುದನ್ನು ಮಾತ್ರ ಎಷ್ಟು ಚೆನ್ನಾಗಿ ಕಲಿತಿದ್ದೀರಿ! ಅದು ನಮ್ಮ ಹಿರಿಯರು ಕೊಲೆಯ ಹಗೆ ತೀರಿಸಲು ಇಟ್ಟುಕೊಂಡ ಕ್ರಮ. ಕೊಂದ ಕಡೆಯವರು ಬಂದು, ಮೊದಲು ತಲೆ ತಗ್ಗಿಸಿ 'ತಪ್ಪು ನಮ್ಮದು' ಎನ್ನುತ್ತಾರೆ. ಆಮೇಲೆ ಕಾಫಿ ಮುಟ್ಟದೆ ಕೂರುತ್ತಾರೆ. ಆ ಮೊದಲರ್ಧ ನಿಮಗೆ ಯಾರೂ ಹೇಳಿಕೊಡಲಿಲ್ಲವೇ? ಅಥವಾ ನಿಮಗೆ ಬೇಕಾದದ್ದು ಎರಡನೆಯ ಅರ್ಧ ಮಾತ್ರವೇ?

ಚಿಕ್ಕಪ್ಪ ಬಟ್ಟಲನ್ನು ಇನ್ನೊಮ್ಮೆ ನಿಮ್ಮ ಮುಂದಕ್ಕೆ ಸರಿಸಿದ. ಅವನು ಕೊನೆಗೆ ಅಂದ: "ಆಯ್ತು ಸಾಹೇಬ್ರೇ, ಅರ್ಜಿ ವಾಪಸ್ ತಗೋತೀವಿ. ಕುಡೀರಿ." ನೀವು ಕುಡಿದಿರಿ. ಮುಖವನ್ನೂ ಕಿವುಚಲಿಲ್ಲ.

ನೀವು ಹೋದ ಮೇಲಿನದ್ದು ನಿಮಗೆ ಗೊತ್ತಿಲ್ಲ. ಚಿಕ್ಕಪ್ಪ ಅಮ್ಮನ ಮುಂದೆ ಬಂದು ನಿಂತ. "ಅತ್ತಿಗೆ, ಮಾತು ಕೊಟ್ಬಿಟ್ಟೆ. ಒಂದು ಸಹಿ ಹಾಕು. ನನ್ನ ಮಾನ ನಿನ್ನ ಕೈಲಿದೆ."

"ಮಾತು ಕೊಟ್ಟೋನು ನೀನು ಬೆಂಗೀನ್. ಹೆತ್ತೋಳು ನಾನು," ಅಂದಳು ಅಮ್ಮ. "ನನ್ನನ್ನ ಯಾರಾದ್ರೂ ಕೇಳಿದ್ರಾ?"

"ಮನೆಗೆ ಬಂದೋರ ಮುಂದೆ ಇಲ್ಲ ಅನ್ನಕ್ಕಾಗತ್ತಾ?"

"ನನ್ನ ಮಗನೂ ಅವರ ಮನೆಗೇ ಹೋಗಿದ್ನಲ್ಲೋ. ಅವನನ್ನ ಹೇಗೆ ನೋಡ್ಕೊಂಡ್ರು?"

ಪಕ್ಕದ ಮನೆಯ ಮುದುಕಿ ಖೆಜಾಲ್ ಗೋಡೆಯಾಚೆಯಿಂದಲೇ ಕೂಗಿದಳು: "ಕಾಫಿ ಕುಡಿಯೋಕೆ ಬಂದೋನು ಕೇಸನ್ನೇ ಕುಡಿದು ಹೋದ್ನಲ್ಲೇ ಝೀನೆ!"

ಅಮ್ಮ ಸಹಿ ಹಾಕಲಿಲ್ಲ. ಅಂದಿನಿಂದ ಚಿಕ್ಕಪ್ಪ ಮಾತು ತಪ್ಪಿದ ಮನುಷ್ಯ. ಮಸೀದಿಯಲ್ಲಿ ಕೊನೆಯ ಸಾಲಿನಲ್ಲಿ ನಿಲ್ಲುತ್ತಾನೆ. ಎರಡು ಕುಟುಂಬಗಳ ಜಗಳ ಬಿಡಿಸಲು ಅವನನ್ನು ಕರೆಯುತ್ತಿದ್ದವರು ಈಗ ಕರೆಯುವುದಿಲ್ಲ. ಅಣ್ಣನನ್ನು ಮಣ್ಣು ಮಾಡಿದಾಗ ನಮ್ಮಿಬ್ಬರನ್ನು ಹಿಡಿದು ನಿಲ್ಲಿಸಿದವನು ಅವನು. ಅವನೀಗ ನಮ್ಮನ್ನು ಕಂಡರೆ ದಾರಿ ಬದಲಿಸುತ್ತಾನೆ.

ನೀವು ಕಾನೂನು ಓದಿದವರು, ಆದರೂ ಹೇಳುತ್ತೇನೆ. ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಗೆ ನಮ್ಮ ದೇಶ ಸಹಿ ಹಾಕಿ ಎಪ್ಪತ್ತು ವರ್ಷ ದಾಟಿತು. ಅಲ್ಲಿ ದೂರು ಕೊಡುವ ಹಕ್ಕು ಇರುವುದು ನೊಂದ ವ್ಯಕ್ತಿಗೆ. ಕುಟುಂಬದ ಹಿರಿಯನಿಗೆ ಎಂದಿಲ್ಲ, ಕುಲದ ಯಜಮಾನನಿಗೆ ಎಂದಿಲ್ಲ. ಮಗನನ್ನು ಕಳೆದುಕೊಂಡ, ಸಹಿಯಷ್ಟೇ ಬರೆಯಬಲ್ಲ ನನ್ನ ಅಮ್ಮ ಅಲ್ಲಿ ಒಂದು ಇಡೀ ದೇಶದ ಎದುರು ಸಮಕ್ಕೆ ನಿಲ್ಲಬಹುದು. ಮೂವತ್ತನಾಲ್ಕನೇ ವಿಧಿಯಲ್ಲಿ ಸರ್ಕಾರ ಇನ್ನೊಂದು ಮಾತನ್ನೂ ಕೊಟ್ಟಿದೆ: ಹೀಗೆ ದೂರು ಕೊಟ್ಟವರನ್ನು ಯಾವ ರೀತಿಯಲ್ಲೂ ತಡೆಯುವುದಿಲ್ಲ ಎಂದು. ಹೆದರಿಸಿ ತಡೆಯುವುದು ಮಾತ್ರವಲ್ಲ, ನಯವಾಗಿ ಕೂತು ಕಾಫಿ ಆರಲು ಬಿಡುವುದೂ ತಡೆಯೇ. ಆ ದಿನ ನೀವು ನೆಂಟರಾಗಿ ಬಂದಿರಲಿಲ್ಲ. ನೀವು ಬಂದದ್ದು ಸರ್ಕಾರಿ ಕಾರಿನಲ್ಲಿ. ನೀವು ಮಾಡಿದ್ದು ಸರ್ಕಾರ ಮಾಡಿದ್ದು.

ಒಂದು ಬಟ್ಟಲು ಕಾಫಿಗೆ ಕೊಟ್ಟ ಮಾತು ತಪ್ಪಿತೆಂದು ನನ್ನ ಚಿಕ್ಕಪ್ಪ ತಲೆಯೆತ್ತಿ ನಡೆಯುತ್ತಿಲ್ಲ. ಜಗತ್ತಿನ ಮುಂದೆ ಸಹಿ ಹಾಕಿ ಕೊಟ್ಟ ಮಾತು ತಪ್ಪಿದ ನಿಮ್ಮ ಕಚೇರಿಯ ತಲೆ ಮಾತ್ರ ಇಷ್ಟು ಎತ್ತರದಲ್ಲಿ ಹೇಗಿದೆ? ಮಾನವೆಂಬುದು ಬಡವರ ಮನೆಯಲ್ಲಿ ಮಾತ್ರ ಇರುವ ಸಾಮಾನೇ?

ನನಗೆ ಎರಡು ಬೇಕು. ಠಾಣೆಯ ಕ್ಯಾಮೆರಾದಲ್ಲಿ ಏನೇ ಉಳಿದಿರಲಿ, ಅದನ್ನು ನ್ಯಾಯಾಲಯಕ್ಕೆ ಕಳಿಸಿ. ಮತ್ತೆ, ಚಿಕ್ಕಪ್ಪನ ಮನೆಗೆ ಇನ್ನೊಮ್ಮೆ ಬನ್ನಿ. ಹಗಲಲ್ಲಿ, ಊರವರೆಲ್ಲ ಇರುವಾಗ. 'ಕೇಳಬಾರದ್ದನ್ನು ಕೇಳಿದೆ, ನಿಮ್ಮ ಮಾತನ್ನು ನಿಮಗೆ ಬಿಟ್ಟುಕೊಟ್ಟಿದ್ದೇನೆ' ಎಂದು ಹೇಳಿ. ನಮ್ಮ ಕ್ರಮದಲ್ಲಿ ಕೇಳಿದವನು ಬಿಟ್ಟುಕೊಡದೆ ಕೊಟ್ಟವನಿಗೆ ಬಿಡುಗಡೆಯಿಲ್ಲ. ಅಮ್ಮ ಅದನ್ನು ಮಾಡಲಾರಳು. ಸ್ಟ್ರಾಸ್‌ಬರ್ಗ್‌ನ ನ್ಯಾಯಾಧೀಶರೂ ಮಾಡಲಾರರು. ನೀವೊಬ್ಬರೇ ಮಾಡಬಲ್ಲಿರಿ.

ಅರ್ಜಿ ಮಾತ್ರ ಇದ್ದಲ್ಲೇ ಇರುತ್ತದೆ. ಇನ್ನು ಮುಂದಕ್ಕೆ ವಕೀಲರು ಬೇಕೆಂದು ನ್ಯಾಯಾಲಯ ತಿಳಿಸಿದೆ. ದಿಯಾರ್‌ಬಕಿರ್‌ ನಗರದಲ್ಲಿ ಒಬ್ಬರು ಒಪ್ಪಿದ್ದಾರೆ. ನಾಳೆ ಬೆಳಿಗ್ಗೆಯ ಮಿನಿಬಸ್ಸಿಗೆ ನಾನೂ ಅಮ್ಮನೂ ಹೊರಡುತ್ತೇವೆ.

ಇಂತಿ,
ಚಿಕ್ಕಪ್ಪನಿಗೆ ಹೇಳಿ ಹೋಗಲು ಮುಖವಿಲ್ಲದ
ನಾರೀನ್