ಫೆಲ್ಟ್‌ಹ್ಯಾಮ್ ನಿಂತ ಹೊತ್ತು

೧೯೫೫ ಜೂನ್ ೨, ಬೆಳಿಗ್ಗೆ
ಮೇಜಿನ ಗಡಿಯಾರಕ್ಕೆ ಕೀ ಕೊಟ್ಟೆ. ಅಪ್ಪ ಮಂಚದಿಂದಲೇ ಕಿವಿಗೊಟ್ಟಿದ್ದರು. “ಅವಸರ ಬೇಡ ಕಣೋ, ಫೆಲ್ಟ್‌ಹ್ಯಾಮ್‌ಗೆ ನೋವಾಗುತ್ತೆ.” ಇನ್ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಇದನ್ನು ಮಾಡಿದವನು ಆ ಫೆಲ್ಟ್‌ಹ್ಯಾಮ್. ಅಪ್ಪನಿಗೆ ಮಾತ್ರ ನೆಂಟ, ಗಡಿಯಾರಕ್ಕೂ ಅದೇ ಹೆಸರು! ದಿವಾನರ ಬಂಗಲೆಯ ಗಡಿಯಾರಗಳನ್ನು ಜೀವಮಾನವಿಡೀ ನೋಡಿಕೊಂಡದ್ದಕ್ಕೆ ಸಿಕ್ಕ ಉಡುಗೊರೆ. ಮನೆಗಿರುವುದು ಇದೊಂದೇ ಗಡಿಯಾರ.

ಜೂನ್ ೫
ಎಣ್ಣೆ ಬಿಡಲು ಗಡಿಯಾರದ ಹಿಂಬಾಗಿಲು ತೆಗೆದೆ. ಹಿತ್ತಾಳೆ ತಗಡಿನ ತುಂಬ ಬಳ್ಳಿ, ಹೂವು, ಹಕ್ಕಿ. “ಗೋಡೆ ಕಡೆ ಇರೋದಕ್ಕೆ ಇಷ್ಟು ಕೆತ್ತನೆ ಯಾಕಪ್ಪಾ?”
“ರಿಪೇರಿ ಮಾಡೋನು ನೋಡ್ತಾನಲ್ಲ, ಅವನಿಗೆ.” ನಕ್ಕರು. ಕೆಮ್ಮು ಬಂತು.
ಇನ್ನು ಹೆಚ್ಚು ದಿನ ಇಲ್ಲ ಎಂದರು ಡಾಕ್ಟರು. ಹಿತ್ತಲಿಗೆ ಹೋಗಿ ಅತ್ತೆ.

ಜೂನ್ ೯, ಸಂಜೆ
ಪುರೋಹಿತ ಶಾಮಣ್ಣನವರು ಅಮ್ಮನಿಗೆ ಮೆಲ್ಲಗೆ ಹೇಳಿದರು— ನಾಡಿದ್ದು ಮಧ್ಯಾಹ್ನ ಹನ್ನೆರಡಕ್ಕೆ ಧನಿಷ್ಠಾ ನಕ್ಷತ್ರ ಹಿಡಿಯುತ್ತದೆ. ಅದರಲ್ಲಿ ಜೀವ ಹೋದರೆ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೊರಗಿರಬೇಕು. ತಂಗಿ ಪ್ರೇಮಲೀಲಾ ಹೆರಿಗೆಗೆ ಬಂದಿದ್ದಾಳೆ. ತುಂಬು ಬಸುರಿ... ಎಲ್ಲಿಗೆ ಕರೆದುಕೊಂಡು ಹೋಗುವುದು? ಅಪ್ಪ ಕಣ್ಣು ಮುಚ್ಚಿದ್ದರು. ನಿದ್ದೆ ಅಂದುಕೊಂಡೆ.

ಜೂನ್ ೧೧
ಬೆಳಿಗ್ಗೆಯಿಂದ ಮೇಲುಸಿರು. ಹನ್ನೊಂದು ಹೊಡೆದ ಮೇಲೆ ಸನ್ನೆ ಮಾಡಿ ಕರೆದರು. “ನಿಲ್ಲಿಸ್ಬಿಡು.”
“ಏನನ್ನಪ್ಪಾ?”
“ಫೆಲ್ಟ್‌ಹ್ಯಾಮ್‌ನ. ಪ್ರೇಮಾ ಇಲ್ಲೇ ಇರ್ಲಿ.”
ಒಂದು ದಿನವೂ ಅದನ್ನು ನಿಲ್ಲಗೊಡದ ಮನುಷ್ಯ! ಪೆಂಡುಲಮ್ ಹಿಡಿದೆ. ಟಿಕ್‌ಟಿಕ್ ನಿಂತಿತು. ಅಪ್ಪ ಆಮೇಲೂ ಬಹಳ ಹೊತ್ತು ಇದ್ದರು. ಹೋದಾಗ ಇಳಿಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು.
ಶಾಮಣ್ಣನವರು ಬಂದರು. ಮುಳ್ಳು ನೋಡಿದರು. ನಿಂತ ಪೆಂಡುಲಮ್ ನೋಡಿದರು. ಪ್ರೇಮಲೀಲಾಳನ್ನು ನೋಡಿದರು. “ಹನ್ನೆರಡರೊಳಗೇ ಹೋಗಿದಾರೆ. ದೋಷ ಇಲ್ಲ ಕಣಮ್ಮ.”
ಅಮ್ಮ ತಲೆ ಎತ್ತಲಿಲ್ಲ.

ಜೂನ್ ೨೫
ಕರ್ಮಗಳು ಮುಗಿದವು. ಗಡಿಯಾರ ಹಾಗೇ ನಿಂತಿದೆ. ಮುಟ್ಟಲು ಮನಸ್ಸು ಬರುತ್ತಿಲ್ಲ.

ಜೂನ್ ೨೮, ಮಧ್ಯಾಹ್ನ
ಪ್ರೇಮಲೀಲಾಗೆ ನೋವು ಶುರುವಾಗಿದೆ. ಸೂಲಗಿತ್ತಿ ಒಳಗಿದ್ದಾಳೆ. ಅಮ್ಮ ಬಾಗಿಲಿಂದಲೇ, “ಮಗು ಹುಟ್ಟಿದ ಹೊತ್ತು ಬರೀಬೇಕು. ಗಡಿಯಾರ ನಡೆಸು,” ಎಂದಳು. ಪಕ್ಕದ ಮನೆಯಲ್ಲಿ ಟೈಮ್ ಕೇಳಿಕೊಂಡು ಬಂದೆ. ಮುಳ್ಳು ಮುಂದಕ್ಕೆ ತಿರುಗಿಸಿದೆ. ಹನ್ನೆರಡು ಹೊಡೆಯಿತು— ಅವತ್ತು ಹೊಡೆಯದೆ ಉಳಿದ ಹನ್ನೆರಡು. ಅಪ್ಪಾ ಎಂದು ಜೋರಾಗಿ ಅತ್ತುಬಿಟ್ಟೆ. ಆಮೇಲೆ ಒಂದು. ಎರಡು. ಪೆಂಡುಲಮ್ ತಳ್ಳಿದೆ, ನಡೆಯುತ್ತಿದೆ.
ಒಳಗೆ ಮಗುವಿನ ಅಳು. ಅಮ್ಮ ಕೂಗುತ್ತಿದ್ದಾಳೆ, ಎಷ್ಟು ಗಂಟೆ ಕಣೋ, ಎಷ್ಟು—