ಏಷರಜ್ಜನ ವಾರಸುದಾರರು

ವೆಸ್ಟ್ ಹಾಲೋ, ಕನೆಕ್ಟಿಕಟ್
ಏಪ್ರಿಲ್ 20, 1926

ಪ್ರೀತಿಯ ತಮ್ಮ ಲೆಮುಯಲ್,

ಹೇಗಿದ್ದೀಯಪ್ಪ? ಆ ಒಣಕೆಮ್ಮು ಬಿಟ್ಟಿತೇ? ನಾನು ಗಟ್ಟಿಯಾಗಿದ್ದೇನೆ. ಅಮ್ಮನಿಗೆ ಮಂಡಿನೋವು, ಆದರೂ ನಿಂತೇ ಊರವರ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಾಳೆ. ನೀನು ಹೇಳಿದಂತೆ ಮನೆಗೆ ಬರೆಯದೆ ಅಂಚೆಪೆಟ್ಟಿಗೆಗೇ ಬರೆದಿದ್ದೇನೆ. ಬಿಳಿಯನೆಂದು ನಂಬಿ ನಿನ್ನನ್ನು ಮದುವೆಯಾದವಳು ಕರಿಯ ಅಕ್ಕನ ಕಾಗದ ಒಡೆದರೆ ನಿನ್ನ ಗತಿಯೇನು.

ನಮ್ಮೂರಿನ ದೇಶಭಕ್ತರ ವಂಶದ ಮಹಿಳಾ ಸಂಘ ಗೊತ್ತಲ್ಲ, ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನ ರಾಜನ ವಿರುದ್ಧ ಕಾದಿದವರ ಮರಿಮೊಮ್ಮಕ್ಕಳು ಎದೆಗೆ ಪದಕ ಚುಚ್ಚಿಕೊಂಡು ಚಹಾ ಕುಡಿಯುವ ಜಾಗ. ಹೋದ ವಾರ ಅಮ್ಮ ಚರ್ಚಿನ ಟೋಪಿ ಹಾಕಿಕೊಂಡು, ನನ್ನನ್ನೂ ಎಳೆದುಕೊಂಡು ಅದರ ಅಧ್ಯಕ್ಷೆ ಶ್ರೀಮತಿ ಟಿಲ್ಡನ್ ಮನೆಗೆ ಹೋದಳು. ಆಕೆ ಬಾಗಿಲಲ್ಲೇ, "ಬಟ್ಟೆ ನಾಳೆ ತಾನೇ ತರಬೇಕಾದ್ದು?" ಎಂದಳು. "ಬಟ್ಟೆಗಲ್ಲ ಅಮ್ಮಾವ್ರೇ, ಸಂಘ ಸೇರೋಕೆ ಬಂದೆ. ನಮ್ಮ ಏಷರಜ್ಜನೂ ಯುದ್ಧಕ್ಕೆ ಹೋಗಿದ್ದ," ಎಂದಳು ಅಮ್ಮ.

ಅಮ್ಮನ ಮುತ್ತಜ್ಜ ಏಷರ್ ಅದೇ ಟಿಲ್ಡನ್ ಮನೆಯ ಗುಲಾಮ. ಯುದ್ಧಕ್ಕೆ ಕರೆ ಬಂದಾಗ ಆ ಮನೆಯ ಮಗ ಹುಲ್ಲಿನ ಅಟ್ಟದಲ್ಲಿ ಅಡಗಿ ಕೂತ, ಅವನ ಬದಲಿಗೆ ಅಜ್ಜನನ್ನು ಕಳಿಸಿದರು. ಬದುಕಿ ಬಂದರೆ ಬಿಡುಗಡೆ ಎಂದಿದ್ದರು. ಅಜ್ಜ ಒಂದು ಕಾಲು ಅಲ್ಲೇ ಬಿಟ್ಟು ಬಂದ. ಬಿಡುಗಡೆಯೇನೋ ಬೇಗ ಸಿಕ್ಕಿತು, ಕುಂಟ ಗುಲಾಮನಿಗೆ ಕೂಳು ಹಾಕುವವರು ಯಾರು?

ಶ್ರೀಮತಿ ಟಿಲ್ಡನ್ ನಗುತ್ತಲೇ ಹೇಳಿದಳು, "ನಮ್ಮ ಹಿರಿಯರು ಕಳಿಸಿದ್ದಕ್ಕೆ ತಾನೇ ಅವನು ಹೋಗಿದ್ದು? ಆ ಸೇವೆ ನಮ್ಮ ಮನೆತನದ್ದು. ನನ್ನ ಪದಕವೇ ಅದಕ್ಕೆ ಬಂದದ್ದು."

"ಹಾಗಾದ್ರೆ ಹೋದ ಕಾಲೂ ನಿಮ್ಮನೆಯವರದ್ದೇ ಇರಬೇಕು," ಎಂದಳು ಅಮ್ಮ. "ಆದ್ರೆ ನಿಮ್ಮ ಮುತ್ತಜ್ಜ ಸಾಯೋವರೆಗೂ ಎರಡು ಕಾಲಲ್ಲಿ ನೆಟ್ಟಗೆ ನಡೀತಿದ್ರಂತೆ."

ಬಾಗಿಲು ಮುಚ್ಚಿತು. ಆ ಮನೆಯ ಬಟ್ಟೆ ನಿಂತಿತು, ಆಕೆಯ ಗೆಳತಿಯರ ಮನೆಗಳದ್ದೂ ನಿಂತಿತು. ಭಾನುವಾರ ಚರ್ಚಿನಲ್ಲಿ ಅಮ್ಮ ಇದನ್ನೆಲ್ಲ ಅಭಿನಯಿಸಿ ತೋರಿಸಿ ಎಲ್ಲರನ್ನೂ ನಗಿಸಿದಳು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳಲಿಲ್ಲ.

ನಮ್ಮ ಕಣ್ಣಿಗೆ ಬೀಳದಿದ್ದರೂ ಸರಿ, ದೇವರು ನಿನ್ನನ್ನು ಸುಖವಾಗಿಟ್ಟಿರಲಿ. ಮಕ್ಕಳಿಗೆ ನನ್ನ ಮುತ್ತು. ಯಾರದ್ದೆಂದು ಹೇಳಬೇಡ.

ನಿನ್ನ ಅಕ್ಕ,
ಡಾರ್ಕಸ್

ಮ. ವಿ.: ನಿಮ್ಮೂರಿನ ಪತ್ರಿಕೆ ಇಲ್ಲಿಗೂ ಬಂತು. ಅಲ್ಲಿನ ಇಂಥದೇ ಗಂಡಸರ ಸಂಘ ಏಷರಜ್ಜನ ವಂಶದವನೆಂದು ನಿನ್ನನ್ನು ಸೇರಿಸಿಕೊಂಡಿದೆಯಂತೆ. ಅಜ್ಜನ ಬಣ್ಣ ಅವರು ಕೇಳಿರಲಿಕ್ಕಿಲ್ಲ, ನೀನೂ ಹೇಳಿರಲಿಕ್ಕಿಲ್ಲ. ಪದಕ ಹಾಕಿಸಿಕೊಳ್ಳುತ್ತಿರುವ ನಿನ್ನ ಚಿತ್ರವನ್ನು ಅಮ್ಮ ಬಹಳ ಹೊತ್ತು ನೋಡಿ, "ಅಂಗಿಗೆ ಗಂಜಿ ಸಾಲದು," ಎಂದಳು. ಅವಳಿಗೆ ಓದಲು ಬಾರದಲ್ಲ, ಸುದ್ದಿಯನ್ನು ನಾನೇ ಓದಿ ಹೇಳಿದೆ. ನಿನ್ನ ತಾಯಿ ತೀರಿಕೊಂಡು ಬಹಳ ವರ್ಷಗಳಾದವು ಎಂಬ ಸಾಲನ್ನು ಮಾತ್ರ ಬಿಟ್ಟೆ.