ಒರೆಗಲ್ಲಿನಲ್ಲಿ ಮುಚ್ಚಿಟ್ಟ ಸಾಲು

ಸಂಡೂರು ಆಳದೂರು
ಫೆಬ್ರವರಿ ಮೂವತ್ತು, ೨೪೧೮

ಹಿರಿಯರೇ,

ತಾರೀಖು ನೋಡಿ ನಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ವಯಸ್ಸಿನಲ್ಲಿ ನನಗಿಂತ ಚಿಕ್ಕವರಿರಬಹುದು. ಆದರೂ ನಾಲ್ಕು ನೂರು ವರ್ಷ ಮೊದಲು ಹುಟ್ಟಿದವರನ್ನು ಇನ್ನೇನೆಂದು ಕರೆಯಲಿ? ಕಾಲದಲ್ಲಿ ಹಿಂದಕ್ಕೂ ಕಾಗದ ಹೋಗುತ್ತದೆಂದು ದಾಖಲೆಮನೆಯವರು ಹೇಳುತ್ತಾರೆ. ನನಗೆ ಪೂರ್ತಿ ನಂಬಿಕೆಯಿಲ್ಲ. ದಿಕ್ಕು ತೋಚದೆ ಬರೆಯುತ್ತಿದ್ದೇನೆ.

ಮೇಲಿನ ಬಿಸಿಲು ತಾಳಲಾರದೆ ನಾವು ಹಳೆಯ ಗಣಿಗಳ ಹೊಟ್ಟೆಯಲ್ಲಿ ವಾಸಿಸುತ್ತೇವೆ. ಇಲ್ಲಿ ಒಲೆ ಹಚ್ಚುವುದಕ್ಕೂ ಪಾಳಿ. ಒಗ್ಗರಣೆ ಹಾಕುವ ಮುನ್ನ ಪಕ್ಕದ ಮನೆಗೆ ಕೂಗಿ ಹೇಳಬೇಕು. ಪ್ರತಿ ಕೇರಿಗೂ ಎರಡು ಗಾಳಿಕದ. ಒಂದು ಹೊಸ ಗಾಳಿ ತರುತ್ತದೆ, ಇನ್ನೊಂದು ಕೆಟ್ಟ ಗಾಳಿಯನ್ನು ಹೊರಗೆ ಕಳಿಸುತ್ತದೆ. ಆ ಕದಗಳನ್ನೂ ಕೇರಿಯ ಬಾಗಿಲನ್ನೂ ನಡೆಸುವುದು ಬಂಡೆಯೊಳಗೆ ಹುದುಗಿಸಿದ ಒಂದೇ ಚಿಪ್. ಚಿಪ್ ತಯಾರಿಸುವ ಮೊದಲೇ ಅದರ ನಕ್ಷೆಯಲ್ಲಿ ತಪ್ಪು ಹುಡುಕುವ ತಂತ್ರಾಂಶಕ್ಕೆ ನಾವು ಒರೆಗಲ್ಲು ಎನ್ನುತ್ತೇವೆ. ಅದನ್ನು ಬರೆದವರು ನೀವು. ನಮ್ಮೂರಲ್ಲಿ ಒರೆ ಹಚ್ಚುವವಳು ನಾನು, ಹೊನ್ನೂರಮ್ಮ.

ಹೊಸ ಕೇರಿಯ ನಕ್ಷೆಯನ್ನು ನಮ್ಮ ಹಳೆಯ ಒರೆಗಲ್ಲು ಓದಲೇ ಇಲ್ಲ. ದಾಖಲೆಮನೆಯಲ್ಲಿ ಅದರ ಇನ್ನೊಂದು ಆವೃತ್ತಿ ಇತ್ತು, ‘ಇನ್ನೂ ಅಭಿವೃದ್ಧಿಯಲ್ಲಿದೆ, ಎಚ್ಚರ’ ಎಂಬ ಚೀಟಿಯೊಡನೆ. ನನ್ನ ಜೊತೆ ಕೆಲಸ ಮಾಡುವ ಜಡೆಪ್ಪ, “ಹಾಕಿಬಿಡೋಣ ಬಿಡಕ್ಕ, ಏನಾಗ್ತೈತಿ?” ಅಂದ. ಹಾಕಿದೆವು. ಅದು ಒಂದು ಕಡತ ಕೇಳಿತು, ಆ ಕಡತ ಇನ್ನೆರಡು ಕೇಳಿತು. ಬೇಡಿದ್ದೆಲ್ಲ ಕೊಟ್ಟು ಮೂರು ದಿನಕ್ಕೆ ಕೂರಿಸಿದೆವು. ನಾಲ್ಕನೇ ದಿನ ‘ತಪ್ಪಿಲ್ಲ’ ಎಂದಿತು. ಜಡೆಪ್ಪ ಬೆಲ್ಲ ಹಂಚಿದ. ಚಿಪ್ ತಯಾರಾಗಿ ಹೊಸ ಕೇರಿಯ ಬಂಡೆಯೊಳಗೆ ಕೂತಿತು.

ಇಲ್ಲೊಂದು ಕಟ್ಟಳೆಯಿದೆ. ಯಾರೂ ಉಡಾಫೆಯಿಂದ ಒರೆ ಹಚ್ಚಬಾರದೆಂದು, ಹಚ್ಚಿದವರ ಮನೆಯವರೇ ಹೊಸ ಕೇರಿಯಲ್ಲಿ ಮೊದಲ ನಲವತ್ತು ದಿನ ಇರಬೇಕು. ಅಲ್ಲಿಯವರೆಗೆ ಚಿಪ್ ಬಾಗಿಲು ತೆರೆಯುವುದಿಲ್ಲ. ನನಗಿರುವುದು ತಂಗಿ ಸುಂಕ್ಲಮ್ಮ ಒಬ್ಬಳೇ. ರೊಟ್ಟಿ ಹಂಚು, ಹೊಲಿಗೆ ಯಂತ್ರ ಹೊತ್ತುಕೊಂಡು ನಗುತ್ತಲೇ ಒಳಗೆ ಹೋದಳು.

ಮೊನ್ನೆ ಬಿಡುವಿತ್ತೆಂದು ಒರೆಗಲ್ಲಿನ ಒಳಬರಹ ಓದುತ್ತ ಕೂತಿದ್ದೆ. ಚಿಪ್ ಇಡುವ ಹೊತ್ತಿನ ಎಣಿಕೆ ತುಂಬಿ ಮತ್ತೆ ಸೊನ್ನೆಗೆ ಬಂದಾಗ ಏನಾಗುತ್ತದೆ ಎಂದು ನೋಡುವ ತಪಾಸಣೆಯೊಂದು ಅಲ್ಲಿತ್ತು. ಅದನ್ನು ಯಾರೋ ನಿಲ್ಲಿಸಿದ್ದರು. ಪಕ್ಕದಲ್ಲಿ ನಿಮ್ಮದೇ ಟಿಪ್ಪಣಿ: ‘ಸದ್ಯಕ್ಕೆ ಮುಚ್ಚಿದೆ. ಆಮೇಲೆ ನೋಡೋಣ.’ ಒರೆಗಲ್ಲು ‘ತಪ್ಪಿಲ್ಲ’ ಅಂದದ್ದು ನೋಡಿ ಅಲ್ಲ, ನೋಡದೆಯೇ! ಮುಚ್ಚಿದ್ದ ಆ ಸಾಲನ್ನು ತೆರೆದು ಮತ್ತೆ ಓಡಿಸಿದೆ. ಮೂವತ್ತೇಳನೇ ದಿನ ಎಣಿಕೆ ತುಂಬುತ್ತದೆ, ಎರಡೂ ಗಾಳಿಕದ ಒಟ್ಟಿಗೆ ಮುಚ್ಚಿಕೊಳ್ಳುತ್ತವೆ ಎಂದು ಬಂತು.

ಇವತ್ತು ಮೂವತ್ತನಾಲ್ಕನೇ ದಿನ. ಅವಳನ್ನು ಹೊರತರಲು ಊರಿಗೆ ಊರೇ ಬಂಡೆ ಅಗೆಯುತ್ತಿದೆ. ಕಬ್ಬಿಣದ ಕಲ್ಲು, ಎಷ್ಟು ಬಡಿದರೂ ಇನ್ನೂ ಆರು ದಿನ ಬೇಕೆಂದು ಜಡೆಪ್ಪ ಹೇಳುತ್ತಾನೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ. ಬೆಳಿಗ್ಗೆ ಸುಂಕ್ಲಮ್ಮ ತಂತಿಯಲ್ಲಿ ಮಾತಾಡಿದಳು. “ಅಕ್ಕಾ, ಇಲ್ಲಿ ಗಾಳಿ ಭಾಳ ತಂಪೈತಿ. ಹೊರಗ ಏನದು ಸಪ್ಪಳ?” ಪಕ್ಕದ ಕೇರಿಯಲ್ಲಿ ಕೆಲಸ ನಡೆದಿದೆ ಅಂದೆ. ಅವಳಿಗೆ ನಾನು ಸುಳ್ಳು ಹೇಳಿದ್ದು ಅದೇ ಮೊದಲು. ಭಯವಾಗುತ್ತದೆ ಹಿರಿಯರೇ.

ನಿಮ್ಮನ್ನು ಬೈಯಬೇಕೆಂದೇ ಕಾಗದ ಹಿಡಿದೆ. ಆದರೆ ಎಚ್ಚರದ ಚೀಟಿ ಓದಿಯೂ ಹಾಕಿದವಳು ನಾನು. ಬೈಗುಳ ಬೇಡ, ಒಂದು ಬೇಡಿಕೆ ಸಾಕು. ಆ ತಪಾಸಣೆ ನಿಮಗೇನು ತೊಂದರೆ ಕೊಡುತ್ತಿದೆಯೋ ತಿಳಿಯದು. ಎಷ್ಟೇ ಕೊಟ್ಟರೂ ಅದನ್ನು ಇವತ್ತೇ ಸರಿಪಡಿಸಿ, ಓಡಲು ಬಿಡಿ. ನೀವು ಹಾಗೆ ಮಾಡಿದರೆ ನನ್ನ ತಂಗಿ ಆ ಬಾಗಿಲು ದಾಟುವುದೇ ಇಲ್ಲ, ನಾನು ಈ ಕಾಗದ ಬರೆಯುವುದೂ ಇಲ್ಲ.

ಇದನ್ನೂ ಆಮೇಲೆ ನೋಡೋಣ ಎಂದು ಎತ್ತಿಡಬೇಡಿ. ನಿಮಗೆ ನಾಲ್ಕು ನೂರು ವರ್ಷವಿದೆ. ಸುಂಕ್ಲಮ್ಮನಿಗೆ ಮೂರು ದಿನ.

ಹೊನ್ನೂರಮ್ಮ